ಗೋಡೆಗೆ ಬಡಿದು ಬಂದ ಬೆಳಕು: ಲಕ್ಕುಂಡಿ, ಸೂಡಿ, ಬಾದಾಮಿ

ನನ್ನ ಅಕ್ಕನ ಮಗಳು ಬರುವ ಆಗಸ್ಟಿನಲ್ಲಿ ಓದಲಿಕ್ಕೆ ಅಮೆರಿಕದ ಅರಿಝೋನಾಕ್ಕೆ ಹೊರಟಿದ್ದಾಳೆ. ವೀಸಾದ ಕೆಲಸ ಮುಗಿಯುವ ಮೊದಲೇ ಅಲ್ಲಿ ನೋಡಬೇಕಾದ ಜಾಗವನ್ನು ಗೊತ್ತು ಮಾಡಿಕೊಂಡಿದ್ದಾಳೆ: ಪೇಜ್ ಎಂಬ ಊರಿನ ಹತ್ತಿರ, ನವಾಹೋ ಜನರ ನೆಲದಲ್ಲಿರುವ ಆ್ಯಂಟಿಲೋಪ್ ಕ್ಯಾನ್ಯನ್. ಮರಳುಗಲ್ಲನ್ನು ಮಳೆಯ ಪ್ರವಾಹ ಕೊರೆದು ಮಾಡಿದ ಸ್ಲಾಟ್ ಕ್ಯಾನ್ಯನ್ ಅದು. ಸುಮಾರು 120 ಅಡಿ ಆಳ. ಕೆಲವು ಕಡೆ ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಇಕ್ಕಟ್ಟು. ಅದರೊಳಗೆ ಕಿತ್ತಳೆ, ಕೆಂಪು, ನೇರಳೆ ಬಣ್ಣದ ಅಲೆಗಳಂತೆ ಕಾಣುವ ಗೋಡೆಗಳ ಫೋಟೋ ನೀವೂ ನೋಡಿರುತ್ತೀರಿ.

"ಮಾಮಾ, ಅಲ್ಲಿ ಫೋಟೋ ಹೆಂಗ ತಗೀಬೇಕು, ಹೇಳಿಕೊಡು" ಅಂದಳು. ನಾನು ಧಾರವಾಡದಲ್ಲಿ ಸ್ಟುಡಿಯೋ ಇಟ್ಟುಕೊಂಡವನು, ಅರಿಝೋನಾ ಕಂಡವನಲ್ಲ. ಆದರೆ ಆಳವಾದ ಕಲ್ಲಿನ ಸಂದಿಗೆ ಬೆಳಕು ಹೇಗೆ ಇಳಿಯುತ್ತದೆ ಎಂಬುದನ್ನು ಗದಗ ಜಿಲ್ಲೆಯ ಬಾವಿಗಳಲ್ಲಿ ಕೂತು ನೋಡಿದ್ದೇನೆ. ಮೇ ತಿಂಗಳ ಮೊದಲ ವಾರ ಅದಕ್ಕೆ ಹೇಳಿ ಮಾಡಿಸಿದ ಹೊತ್ತು. ಗದಗದ ಅಕ್ಷಾಂಶ 15.4 ಡಿಗ್ರಿಯ ಸುಮಾರು. ಮೇ 2-3ರ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಇಲ್ಲಿ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಪೇಜ್ ಇರುವುದು 37 ಡಿಗ್ರಿಯ ಹತ್ತಿರ. ಅಲ್ಲಿ ಸೂರ್ಯ ಎಂದೂ ನೆತ್ತಿಗೆ ಬರುವುದಿಲ್ಲ, ಜೂನ್ ತಿಂಗಳಲ್ಲೂ 76 ಡಿಗ್ರಿ ಎತ್ತರಕ್ಕೆ ನಿಲ್ಲುತ್ತಾನೆ. ಆ ಕಣಿವೆಯ ತಳಕ್ಕೆ ಬಿಸಿಲಿನ ಕೋಲು ಬೀಳುವುದು ಮಾರ್ಚ್ ಕೊನೆಯಿಂದ ಅಕ್ಟೋಬರ್ ಆರಂಭದವರೆಗೆ ಮಾತ್ರ. ಉಳಿದ ತಿಂಗಳು ಸೂರ್ಯ ಅಷ್ಟು ಮೇಲೆ ಏರುವುದೇ ಇಲ್ಲ.

ಅವಳ ಅಪ್ಪ ಅಮ್ಮನಿಗೆ ಹೇಳಿ, ಅವಳನ್ನು ಕರೆದುಕೊಂಡು ಹೊರಟೆ.

ಮೊದಲ ದಿನ: ಲಕ್ಕುಂಡಿ

ಹುಬ್ಬಳ್ಳಿಯಿಂದ ಬೆಳಗಿನ ರೈಲು. ಅಣ್ಣಿಗೇರಿ ದಾಟುವಾಗ ಎರಡೂ ಬದಿಗೆ ಬಿರುಕು ಬಿಟ್ಟ ಎರೆ ಹೊಲ. ಗದಗದಲ್ಲಿ ಇಳಿದು ಲಾಡ್ಜಿನಲ್ಲಿ ಬ್ಯಾಗ್ ಇಟ್ಟು, ಬಿಸಿ ಇಡ್ಲಿ ತಿಂದು ಲಕ್ಕುಂಡಿ ಬಸ್ ಹಿಡಿದೆವು. ಹೊಸಪೇಟೆ ರಸ್ತೆಯಲ್ಲಿ ಹತ್ತು ಹನ್ನೆರಡು ಕಿಲೋಮೀಟರ್, ಅಷ್ಟೇ.

ಕ್ಯಾಮೆರಾದ ಸ್ಟ್ಯಾಂಡನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು ಬಂದಿದ್ದೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಸ್ಟ್ಯಾಂಡ್ ಹಾಕಬೇಕಾದರೆ ಮೊದಲೇ ಅನುಮತಿ ಪಡೆಯಬೇಕು. ಇಲಾಖೆಯ ವಲಯ ಕಚೇರಿ ನಮ್ಮ ಧಾರವಾಡದಲ್ಲೇ ಇರುವುದರಿಂದ ನನಗೆ ಅದೇನೂ ದೂರದ ಕೆಲಸವಲ್ಲ. ಆದರೆ ಆ್ಯಂಟಿಲೋಪ್‌ನಲ್ಲಿ ಸಾಮಾನ್ಯ ಪ್ರವಾಸಿಗರ ಗುಂಪಿಗೆ ಈಗ ಸ್ಟ್ಯಾಂಡ್ ಒಯ್ಯಲು ಬಿಡುವುದಿಲ್ಲ. ಅಲ್ಲಿ ಕೈಯಲ್ಲೇ ಹಿಡಿದು ತೆಗೆಯಬೇಕು ಅಂದ ಮೇಲೆ ಅಭ್ಯಾಸವೂ ಹಾಗೇ ಆಗಲಿ ಎಂಬುದು ನನ್ನ ವಿಚಾರ.

ಬಿಸಿಲೇರುವ ಮುನ್ನ ಬ್ರಹ್ಮ ಜಿನಾಲಯಕ್ಕೆ ಹೋದೆವು. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿ. ಬಾದಾಮಿ, ಪಟ್ಟದಕಲ್ಲಿನ ಚಾಲುಕ್ಯರು ಕೆಂಪು ಮರಳುಗಲ್ಲಿನಲ್ಲಿ ಕಟ್ಟಿದರು. ಕಲ್ಯಾಣ ಚಾಲುಕ್ಯರ ಕಾಲಕ್ಕೆ ಈ ಭಾಗದ ಶಿಲ್ಪಿಗಳು ಹಸಿರು ಬೂದು ಬಣ್ಣದ, ನುಣುಪಾಗಿ ಕೊರೆಯಬಲ್ಲ ಬಳಪದ ಕಲ್ಲಿಗೆ ಬಂದಿದ್ದರು. ಕೆತ್ತನೆಗೆ ಈ ಕಲ್ಲು ವರ. ಫೋಟೋಗ್ರಾಫರನಿಗೆ ಮಾತ್ರ ಕಷ್ಟದ ಕಲ್ಲು, ಬಿದ್ದ ಬೆಳಕಿನಲ್ಲಿ ಬಹುಪಾಲನ್ನು ತಾನೇ ಇಟ್ಟುಕೊಳ್ಳುತ್ತದೆ. ಒಳಗೆ ಚತುರ್ಮುಖ ಬ್ರಹ್ಮನ ವಿಗ್ರಹ ಇದೆ. ಬಾಗಿಲಿನಿಂದ ಬರುವ ಬೆಳಕು ಅಲ್ಲಿಗೆ ತಲುಪುವಷ್ಟರಲ್ಲಿ ಸೋತಿರುತ್ತದೆ.

"ಮಾಮಾ, ಲೆನ್ಸ್ ಹಿಂದಕ ಮುಂದಕ ಹೊಳ್ಳಾಡಾಕತ್ತೈತಿ, ಎಲ್ಲೂ ನಿಂದ್ರವಲ್ದು."

ಅವಳು ಫೋಕಸ್ ಬಿಂದುವನ್ನು ವಿಗ್ರಹದ ಎದೆಯ ಮೇಲೆ ಇಟ್ಟಿದ್ದಳು. ಅಲ್ಲಿ ಕಲ್ಲು ನುಣ್ಣಗೆ, ನೆರಳು ನಿಧಾನಕ್ಕೆ ಕರಗುತ್ತದೆ. ಆಟೋಫೋಕಸ್‌ಗೆ ಬೇಕಾದದ್ದು ಒಂದು ಅಂಚು: ಕಪ್ಪು ಮುಗಿದು ಬಿಳಿ ಶುರುವಾಗುವ ಗೆರೆ. ಬಿಂದುವನ್ನು ಕೊರಳ ಹಾರದ ಅಂಚಿಗೆ ತಂದಳು, ಒಂದೇ ಸಲಕ್ಕೆ ಹಿಡಿಯಿತು. ಸ್ಲಾಟ್ ಕ್ಯಾನ್ಯನ್‌ನ ಗೋಡೆಯೂ ಇದೇ ತೊಂದರೆ ಕೊಡುತ್ತದೆ. ನೀರು ತೀಡಿದ ಮೈ, ಎಲ್ಲಿಯೂ ಚೂಪಿಲ್ಲ. ಆದರೆ ಮರಳುಗಲ್ಲಿನಲ್ಲಿ ಪದರಗಳ ಗೆರೆ ಇರುತ್ತವೆ. ಬಿಂದು ಆ ಗೆರೆಯ ಮೇಲೆ, ಅದಕ್ಕೆ ಅಡ್ಡವಾಗಿ ಕೂಡಬೇಕು. ಅದೂ ಸಿಗದಿದ್ದರೆ ಫೋಕಸ್ಸನ್ನು ಕೈಗೆ ತೆಗೆದುಕೊಂಡು, ಪರದೆಯ ಮೇಲೆ ಚಿತ್ರ ಹಿಗ್ಗಿಸಿ, ಕಣ್ಣಿಗೆ ಕಾಣುವಂತೆ ತಿರುಗಿಸುವುದು. ಒಮ್ಮೆ ಕೂತ ಮೇಲೆ ಆ ರಿಂಗನ್ನು ಮುಟ್ಟಲೇಬಾರದು.

ಕೈ ಅಲುಗದಂತೆ ಹಿಡಿಯುವುದನ್ನು ಅಲ್ಲೇ ಕಲಿಸಿದೆ. ಕೆತ್ತಿದ ಕಂಬಕ್ಕೆ ಆತುಕೊಳ್ಳಬಾರದು, ಅದು ನಾನು ಬಿಡದೆ ಪಾಲಿಸುವ ನಿಯಮ. ನೆಲಕ್ಕೆ ಕುಕ್ಕರಗಾಲಲ್ಲಿ ಕೂತು ಮೊಣಕೈಯನ್ನು ಮೊಣಕಾಲಿಗೆ ಊರಬೇಕು, ಕ್ಯಾಮೆರಾದ ಪಟ್ಟಿ ಕೊರಳಿಗೆ ಬಿಗಿಯಾಗಬೇಕು, ಅರ್ಧ ಉಸಿರು ಬಿಟ್ಟು ಒಂದರ ಹಿಂದೆ ಒಂದರಂತೆ ಮೂರು ಹೊಡೆಯಬೇಕು. ಗುಂಡಿ ಒತ್ತುವಾಗಲೂ ಬಿಡುವಾಗಲೂ ಕೈ ಅಲುಗುವುದರಿಂದ ನಡುವಿನದು ಹೆಚ್ಚಾಗಿ ಚೂಪಾಗಿರುತ್ತದೆ. ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಎಂದು ಹೇಳುವ ಐಎಸ್‌ಒ 1600 ಆಗಲಿ 3200 ಆಗಲಿ ಹೆದರಬೇಕಿಲ್ಲ. ಕಾಳುಕಾಳಾದ ಚಿತ್ರವನ್ನು ಆಮೇಲೆ ತಿದ್ದಬಹುದು, ಅಲುಗಿದ ಚಿತ್ರಕ್ಕೆ ಮದ್ದಿಲ್ಲ.

ಹನ್ನೊಂದೂವರೆಗೆ ಮುಸುಕಿನ ಬಾವಿಗೆ ಬಂದೆವು. ಮಾಣಿಕೇಶ್ವರ ಗುಡಿಯ ಪಕ್ಕದಲ್ಲಿ ನೆಲದೊಳಗೆ ಇಳಿದಿರುವ ಮೆಟ್ಟಿಲುಬಾವಿ. ನೂರೊಂದು ಗುಡಿ, ನೂರೊಂದು ಬಾವಿ ಎಂದು ಈ ಊರಿನ ಮಾತು. ಅಷ್ಟರಲ್ಲಿ ಇದು ನನಗೆ ಎಲ್ಲಕ್ಕಿಂತ ಇಷ್ಟದ್ದು. ಗೋಡೆಯಲ್ಲಿ ಪುಟ್ಟ ಗುಡಿಗಳಂತೆ ಕೊರೆದ ಗೂಡುಗಳಿವೆ. ತಳದಲ್ಲಿ ಸ್ವಲ್ಪ ಹಸಿರು ನೀರು ಉಳಿದಿತ್ತು.

ಮೊದಲು ಬೆಳಕನ್ನು ಅಳೆಯಲು ಹೇಳಿದೆ. ಒಂದು ಚುಕ್ಕೆಯಷ್ಟು ಜಾಗದ ಬೆಳಕನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿಂಗ್, ಐಎಸ್‌ಒ 100, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ತೂತು) ಎಫ್ 8. ಮೇಲಿನ ಬಿಸಿಲು ಬಿದ್ದ ಮೆಟ್ಟಿಲಿಗೆ 1/500 ಸೆಕೆಂಡ್ ತೋರಿಸಿತು. ಕೆಳಗಿನ ಗೂಡಿನ ಒಳಗೋಡೆಗೆ 1/4. ಅಂದರೆ ಏಳು ಸ್ಟಾಪ್ ಅಂತರ; ಒಂದೊಂದು ಸ್ಟಾಪಿಗೂ ಬೆಳಕು ಎರಡು ಪಟ್ಟಾಗುವುದರಿಂದ ಒಟ್ಟು ಒಂದಕ್ಕೆ ನೂರಿಪ್ಪತ್ತೆಂಟು ಪಟ್ಟು. ಇವೆರಡನ್ನೂ ಒಂದೇ ಚಿತ್ರದಲ್ಲಿ ಇಟ್ಟರೆ ಯಾವುದಾದರೂ ಒಂದು ಸಾಯುತ್ತದೆ. ಮೂರು ಎಕ್ಸ್‌ಪೋಶರ್ ತೆಗೆದು ಜೋಡಿಸುವುದು ಒಂದು ದಾರಿ, ಎರಡೆರಡು ಸ್ಟಾಪ್ ಅಂತರದಲ್ಲಿ. ನನಗೆ ಆ ದಾರಿ ಅಷ್ಟಾಗಿ ಹಿಡಿಸುವುದಿಲ್ಲ. ನೆರಳನ್ನೆಲ್ಲ ಎತ್ತಿ ಬೆಳಗಿಸಿದ ಮೇಲೆ ಬಾವಿಗೆ ಆಳವೇ ಉಳಿಯುವುದಿಲ್ಲ. ಬಿಸಿಲನ್ನೇ ಚೌಕಟ್ಟಿನಿಂದ ಹೊರಗೆ ಹಾಕುವುದು ಇದಕ್ಕಿಂತ ಸರಳ. ಆಕಾಶ ಬೇಡ, ಬಿಸಿಲು ಬಿದ್ದ ಕಲ್ಲೂ ಬೇಡ. ಬಿಸಿಲು ಬಿದ್ದ ಕಲ್ಲಿನ ಎದುರಿಗಿರುವ ಕಲ್ಲನ್ನು ನೋಡು ಅಂದೆ.

ಹನ್ನೆರಡೂ ಕಾಲಿಗೆ ಅದು ಕಣ್ಣೆದುರೇ ನಡೆಯಿತು. ಗಡಿಯಾರದ ಹನ್ನೆರಡಕ್ಕೆ ಇಲ್ಲಿ ಸೂರ್ಯ ನೆತ್ತಿಗೆ ಬರುವುದಿಲ್ಲ. ಭಾರತದ ವೇಳೆ 82.5 ಡಿಗ್ರಿ ರೇಖಾಂಶದ್ದು, ನಾವು ಅದರಿಂದ ಪಶ್ಚಿಮಕ್ಕೆ ಇದ್ದೇವೆ. ಆದ್ದರಿಂದ ಮೇ ಆರಂಭದಲ್ಲಿ ಇಲ್ಲಿಯ ನಿಜವಾದ ನಡುಹಗಲು 12 ಗಂಟೆ 24 ನಿಮಿಷದ ಆಸುಪಾಸು. ಆ ಹೊತ್ತಿಗೆ ನಮ್ಮ ನೆರಳು ಕಾಲಡಿಗೆ ಸೇರಿತು. ಮೆಟ್ಟಿಲುಗಳ ನೆರಳೂ ಹೋಯಿತು, ಮೇಲಿನಿಂದ ನೋಡಿದರೆ ಮೆಟ್ಟಿಲೆಲ್ಲ ಒಂದೇ ಮಟ್ಟದ ಬಿಳಿ ಹಾಸಿನಂತೆ ಕಂಡಿತು. ನೆತ್ತಿಯ ಬಿಸಿಲಿನಲ್ಲಿ ಕ್ಯಾಮೆರಾ ಒಳಗಿಡು ಎಂದು ಎಲ್ಲರೂ ಹೇಳುವುದು ಇದಕ್ಕೇ.

ಆದರೆ ಗೂಡುಗಳತ್ತ ತಿರುಗಿ ನೋಡಿದರೆ ಬೇರೆಯದೇ ನಡೆದಿತ್ತು. ಬಿಸಿಲು ಮೆಟ್ಟಿಲಿನ ಮೇಲೆ ಬಿದ್ದು, ಅಲ್ಲಿಂದ ಪುಟಿದು ಕೆಳಗಿನಿಂದ ಮೇಲಕ್ಕೆ ಗೂಡಿನೊಳಗೆ ಹೋಗುತ್ತಿತ್ತು. ಬೆಳಗ್ಗೆಯೂ ಸಂಜೆಯೂ ಕತ್ತಲಾಗಿಯೇ ಇರುವ ಚಾಚಿನ ಅಡಿಭಾಗ, ಅಲ್ಲಿಯ ಸಣ್ಣ ಕೆತ್ತನೆ, ಎಲ್ಲಕ್ಕೂ ಮೆತ್ತನೆಯ ಬೂದು ಬೆಳಕು. ನೇರ ನಿಂತ ಗೋಡೆಯ ಮೇಲೆ ಬಿಸಿಲು ಮೇಲಿನಿಂದ ಸವರಿಕೊಂಡು ಇಳಿಯುತ್ತಿದ್ದುದರಿಂದ ಉಳಿಯ ಒಂದೊಂದು ಏಟೂ ಎದ್ದು ಕಂಡಿತು. ಸೂರ್ಯ ಸ್ವಲ್ಪ ವಾಲಿದ ಕೂಡಲೇ ಒಂದು ಗೋಡೆ ಪೂರ್ತಿ ಬೆಳಗಿ, ಇನ್ನೊಂದು ಪೂರ್ತಿ ಕತ್ತಲಾಗಿ, ಆ ಸವರು ಬೆಳಕು ಹೋಗಿಬಿಟ್ಟಿತು.

ಅವಳು ಮಾತಾಡದೆ ತೆಗೆಯುತ್ತಲೇ ಇದ್ದಳು. ಆಮೇಲೆ ಪರದೆ ತೋರಿಸಿ "ಇದು ಛೊಲೋ ಬಂದೈತಲ್ಲ?" ಅಂದಳು. ಬಂದಿತ್ತು. ಒಂದು ಗೂಡು, ಅದರ ಹಿಂದೆ ಕತ್ತಲು, ಎಲ್ಲಿಯೂ ಸುಟ್ಟ ಬಿಳಿ ಇಲ್ಲ.

ಕಾಶಿವಿಶ್ವನಾಥ ಗುಡಿಯ ಹೊರಗಿನ ನೆರಳಿನಲ್ಲಿ ಬಿಸಿಲು ಇಳಿಯುವವರೆಗೆ ಕೂತೆವು. ಸಂಜೆ ಗದಗದಲ್ಲಿ ಗಿರಮಿಟ್ಟು, ಮಿರ್ಚಿ ಭಜಿ.

ಎರಡನೆಯ ದಿನ: ಸೂಡಿ, ಗಜೇಂದ್ರಗಡ

ಬಾಡಿಗೆ ಕಾರು ಮಾಡಿಕೊಂಡು ಸೂಡಿಗೆ ಹೋದೆವು. ಚಾಲುಕ್ಯರ ಅಕ್ಕಾದೇವಿ ಆಳಿದ ಊರು. ಜೋಡು ಕಳಸದ ಗುಡಿಯನ್ನು ಬೆಳಗಿನ ಎಳೆ ಬಿಸಿಲಿನಲ್ಲಿ ನೋಡಿ, ನಾಗಕುಂಡಕ್ಕೆ ಬಂದೆವು. ಕೆತ್ತನೆಯಲ್ಲಿ ಲಕ್ಕುಂಡಿಯ ಬಾವಿಗೆ ಇದು ಏನೂ ಕಡಿಮೆಯಲ್ಲ, ನೋಡಲು ಬರುವವರು ಮಾತ್ರ ಕಡಿಮೆ. ಆದರೆ ನಮ್ಮ ಕೆಲಸಕ್ಕೆ ಇದು ಬಹಳ ತೆರೆದ ಜಾಗ. ಮೇಲೆ ಆಕಾಶ ಅಗಲವಾಗಿರುವುದರಿಂದ ಎಲ್ಲ ಕಡೆಯಿಂದಲೂ ಒಂದೇ ಸಮನೆ ಬೆಳಕು ಸುರಿಯುತ್ತದೆ, ಗೋಡೆಯಿಂದ ಪುಟಿದ ಬೆಳಕು ಅದರಲ್ಲಿ ಕರಗಿ ಹೋಗುತ್ತದೆ. ಸಂದಿ ಇಕ್ಕಟ್ಟಾದಷ್ಟೂ ಪುಟಿದ ಬೆಳಕಿಗೆ ಬೆಲೆ ಎಂಬುದು ಅವಳಿಗೆ ಇಲ್ಲಿ ಹೇಳದೆಯೇ ಗೊತ್ತಾಯಿತು.

ಮಧ್ಯಾಹ್ನ ಗಜೇಂದ್ರಗಡದ ಕಾಲಕಾಲೇಶ್ವರ. ಗುಡ್ಡದ ಕಡಿದಾದ ಬಂಡೆಗೆ ಆತುಕೊಂಡ ಗುಡಿ, ಮೆಟ್ಟಿಲು ಹತ್ತುವಷ್ಟರಲ್ಲಿ ಅಂಗಿ ಬೆವರಿನಿಂದ ತೊಯ್ದಿತ್ತು. ಬಾಗಿಲಿನ ಬಳಿ ಯಾರೋ ಹಚ್ಚಿಟ್ಟ ಊದಿನಕಡ್ಡಿಯ ಹೊಗೆ ಏಳುತ್ತಿತ್ತು. ಆ ಹೊಗೆ ಬಿಸಿಲಿಗೆ ಸಿಕ್ಕಾಗ ಬಿಸಿಲು ಕೋಲಾಗಿ ಕಂಡಿತು, ಹೊಗೆ ಸರಿದಾಗ ಕೋಲೂ ಮಾಯ. ಆ್ಯಂಟಿಲೋಪ್‌ನ ಪ್ರಸಿದ್ಧ ಬೆಳಕಿನ ಕೋಲಿನ ಗುಟ್ಟೂ ಇದೇ. ಗಾಳಿಯಲ್ಲಿ ಧೂಳಿನ ಕಣವಿದ್ದರೆ ಮಾತ್ರ ಬೆಳಕು ಪಕ್ಕಕ್ಕೆ ಚದುರಿ ನಮ್ಮ ಕಣ್ಣಿಗೆ ಬೀಳುತ್ತದೆ. ಅದಕ್ಕೇ ಅಲ್ಲಿ ಗೈಡುಗಳು ಮರಳು ಎರಚಿ ತೋರಿಸುವ ರೂಢಿ ಬೆಳೆಯಿತು. ಮರಳು ಹಾರುವ ಜಾಗದಲ್ಲಿ ಲೆನ್ಸ್ ಬಿಚ್ಚಿದರೆ ಸೆನ್ಸರ್ ಮೇಲೆ ಕೂರುತ್ತದೆ. ಆದ್ದರಿಂದ ಒಳಗೆ ಹೋಗುವ ಮುಂಚೆಯೇ ಯಾವ ಲೆನ್ಸ್ ಎಂದು ತೀರ್ಮಾನಿಸಿ, ಹಾಕಿಕೊಂಡು, ಹೊರಬರುವವರೆಗೆ ಬಿಚ್ಚಬಾರದು.

"ಕೋಲು ಇಲ್ಲದ ಫೋಟೋ ಯಾರ್ ನೋಡ್ತಾರ ಮಾಮಾ?" ಅಂದಳು.

"ನಾಳೆ ಬಾದಾಮಿ ನೋಡವಾ, ಆಮ್ಯಾಲ ಹೇಳು" ಅಂದೆ.

ಮೂರನೆಯ ದಿನ: ಬಾದಾಮಿ

ಗದಗಿನಿಂದ ಬಾದಾಮಿಗೆ ರೈಲಿದೆ. ಹೊಳೆಆಲೂರಿನ ಹತ್ತಿರ ಮಲಪ್ರಭೆ ದಾಟಿದರೆ ಬಾಗಲಕೋಟೆ ಜಿಲ್ಲೆ. ಕರಿ ನೆಲ ಹೋಗಿ ಕೆಂಪು ಬಂಡೆ ಶುರು. ಸ್ಟೇಷನ್ನಿನಿಂದ ಊರು ಸ್ವಲ್ಪ ದೂರ, ಆಟೋದಲ್ಲಿ ಹೋಗಬೇಕು.

ಜನರೆಲ್ಲ ಗುಹಾಲಯಗಳ ಕಡೆ ಹೋದರು. ನಾವು ಅಗಸ್ತ್ಯತೀರ್ಥ ಕೆರೆಯ ಆಚೆ ದಡದ ಮ್ಯೂಸಿಯಂ ಹಿಂದಿನಿಂದ ಬಡಗಣ ಕೋಟೆಗೆ ಏರುವ ದಾರಿ ಹಿಡಿದೆವು. ಬಾವನ್ ಬಂಡೆ ಕೋಟೆ. ಮೇಲಿನ ಶಿವಾಲಯಕ್ಕೆ ಹೋಗುವ ಮೆಟ್ಟಿಲುಗಳು ಎರಡು ಎತ್ತರದ ಬಂಡೆಗಳ ನಡುವಿನ ಸಂದಿಯಲ್ಲಿ ಸಾಗುತ್ತವೆ. ಬೆಳಗ್ಗೆ ಏಳೂವರೆಗೆ ಅಲ್ಲಿ ನಮ್ಮನ್ನು ಬಿಟ್ಟರೆ ಮಂಗ್ಯಾಗಳು ಮಾತ್ರ. ಬ್ಯಾಗಿನ ಜಿಪ್ ಹಾಕಿರಬೇಕು, ಕೈಯಲ್ಲಿ ತಿನ್ನುವ ವಸ್ತು ಇರಬಾರದು.

ಇದು ಆ್ಯಂಟಿಲೋಪ್‌ನ ತದ್ರೂಪು ಎಂದು ನಾನು ಹೇಳುವುದಿಲ್ಲ. ಎರಡೂ ಮರಳುಗಲ್ಲೇ, ಹುಟ್ಟು ಬೇರೆ. ಅಲ್ಲಿಯದು ಜುರಾಸಿಕ್ ಕಾಲದ ಮರುಭೂಮಿಯಲ್ಲಿ ಗಾಳಿ ಒಟ್ಟಿದ ಮರಳುದಿಬ್ಬ ಗಟ್ಟಿಯಾದದ್ದು. ಬಾದಾಮಿಯದು ಅದಕ್ಕಿಂತ ಎಷ್ಟೋ ಹಳೆಯದು, ನೆಲದ ಮೇಲೆ ಇನ್ನೂ ಮರಗಿಡಗಳೇ ಇಲ್ಲದ ಕಾಲದ್ದು, ಹೆಚ್ಚಾಗಿ ನದಿಗಳು ತಂದು ಹಾಕಿದ ಮರಳು. ಅಲ್ಲಿ ಪ್ರವಾಹ ಕೊರೆದು ತಿರುವುಮುರುವಾಗಿ ಮಾಡಿದೆ. ಇಲ್ಲಿ ಬಂಡೆ ನೇರವಾಗಿ ಬಿರಿದು, ಆ ಬಿರುಕು ಗಾಳಿ ಮಳೆಗೆ ಅಗಲವಾಗಿದೆ. ಗೋಡೆ ಚಪ್ಪಟೆ, ಸಂದಿ ನೆಟ್ಟಗೆ. ನೆಟ್ಟಗಿರುವ ಸಂದಿಯಲ್ಲಿ ತಲೆಯೆತ್ತಿದರೆ ಆಕಾಶ ಕಂಡೇ ಕಾಣುತ್ತದೆ. ಆದ್ದರಿಂದ ದಾರಿ ಎಲ್ಲಿ ತಿರುಗುತ್ತದೋ ಅಲ್ಲಿ ನಿಂತು ಕೆಲಸ ಮಾಡಬೇಕು. ತಿರುವಿನ ಗೋಡೆಯೇ ಆಕಾಶವನ್ನು ಮುಚ್ಚಿಕೊಡುತ್ತದೆ.

ಅಂಥ ಒಂದು ತಿರುವಿನಲ್ಲಿ ಬಿಸಿಲು ಎಡಗಡೆ ಬಂಡೆಯ ತಲೆಯನ್ನು ಮುಟ್ಟುವವರೆಗೆ ಕಾದೆವು. ಮುಟ್ಟಿದ ಕೆಲವೇ ನಿಮಿಷದಲ್ಲಿ ಬಲಗಡೆಯ ನೆರಳಿನ ಗೋಡೆ ಕೆಂಡದ ಬಣ್ಣಕ್ಕೆ ತಿರುಗಿತು. ಹಳದಿ ಶಾಮಿಯಾನದ ಕೆಳಗೆ ಮದುವೆಗೆ ಬಂದವರ ಮುಖವೆಲ್ಲ ಹಳದಿಯಾಗುತ್ತದಲ್ಲ, ಹಾಗೆ: ಕೆಂಪು ಕಲ್ಲಿಗೆ ಬಡಿದ ಬೆಳಕು ಕೆಂಪಾಗಿ ಬಂದು ಮತ್ತೊಂದು ಕೆಂಪು ಕಲ್ಲಿನ ಮೇಲೆ ಬೀಳುತ್ತದೆ. ಪ್ರತಿ ಪುಟಿತದಲ್ಲೂ ಬಣ್ಣ ಗಾಢವಾಗುತ್ತದೆ. ಲಕ್ಕುಂಡಿಯ ಬೂದು ಕಲ್ಲು ಮೊನ್ನೆ ಇದನ್ನು ಕೊಟ್ಟಿರಲಿಲ್ಲ.

ಅವಳ ಕ್ಯಾಮೆರಾದಲ್ಲಿ ಮಾತ್ರ ಆ ಗೋಡೆ ಸಪ್ಪೆ ಕಂದು. ಬೆಳಕಿನ ಬಣ್ಣವನ್ನು ಸರಿದೂಗಿಸುವ ವೈಟ್ ಬ್ಯಾಲೆನ್ಸ್ ಆಟೋದಲ್ಲಿತ್ತು. ಚೌಕಟ್ಟಿನ ತುಂಬ ಕೆಂಪೇ ಕಂಡರೆ ಕ್ಯಾಮೆರಾ ಅದನ್ನು ದೋಷವೆಂದು ತಿಳಿದು ನೀಲಿ ಬೆರೆಸಿ ತಣಿಸುತ್ತದೆ. ಅದನ್ನು ಹಗಲಿನ ಬಿಸಿಲಿಗೆ ಹೊಂದುವ 5500 ಕೆಲ್ವಿನ್‌ಗೆ ಕಟ್ಟಿಹಾಕಿದೆವು. ಕೆಂಪು ವಾಪಸು ಬಂತು, ಜೊತೆಗೆ ಅವಳು ಕಾಣದೇ ಇದ್ದ ಇನ್ನೊಂದು ಬಣ್ಣ: ಪುಟಿದ ಬೆಳಕು ತಲುಪದ ಆಳದ ಬಿರುಕಿನಲ್ಲಿ ನೇರಳೆ. ಅಲ್ಲಿಗೆ ಇಳಿಯುವುದು ಆಕಾಶದ ನೀಲಿ ಬೆಳಕು ಮಾತ್ರ. ಕ್ಯಾನ್ಯನ್ ಚಿತ್ರಗಳ ನೇರಳೆಯನ್ನು ಅವಳು ಕಂಪ್ಯೂಟರಿನಲ್ಲಿ ಬಳಿದದ್ದು ಎಂದುಕೊಂಡಿದ್ದಳು. ಕಲ್ಲಿನ ಎದುರು ನಿಂತು ಆ ಅನುಮಾನ ಹೋಯಿತು.

ಇಂಥ ಬೆಳಕಿನಲ್ಲಿ ಹಿಸ್ಟೋಗ್ರಾಂ, ಅಂದರೆ ಎಡಕ್ಕೆ ಕತ್ತಲು ಬಲಕ್ಕೆ ಬೆಳಕು ಎಷ್ಟಿದೆ ಎಂದು ತೋರಿಸುವ ನಕ್ಷೆ, ಮೋಸ ಮಾಡುತ್ತದೆ. ಒಟ್ಟು ಬೆಳಕಿನ ಗೆರೆ ನಡುವಿನಲ್ಲೇ ಇದ್ದರೂ ಕೆಂಪು ಚಾನೆಲ್ ಒಂದೇ ಬಲಗಡೆ ಗೋಡೆಗೆ ಹೋಗಿ ಅಪ್ಪಳಿಸಿರುತ್ತದೆ. ಆಗ ಪದರದ ಗೆರೆಗಳು ಅಳಿಸಿ ಬರೀ ಕೆಂಪು ಮುದ್ದೆ ಉಳಿಯುತ್ತದೆ. ಮೂರೂ ಬಣ್ಣದ ಹಿಸ್ಟೋಗ್ರಾಂ ತೆರೆದು, ಕೆಂಪು ಅಂಚಿನಿಂದ ಸರಿಯುವವರೆಗೆ ಎಕ್ಸ್‌ಪೋಶರ್ ಇಳಿಸಬೇಕು. ಅವಳು ಮುಕ್ಕಾಲು ಸ್ಟಾಪಿನಷ್ಟು ಇಳಿಸಿದಳು. ಸೆನ್ಸರ್ ಕಂಡದ್ದನ್ನೆಲ್ಲ ಹಾಗೇ ಇಟ್ಟುಕೊಳ್ಳುವ ರಾ ಫೈಲಾದ್ದರಿಂದ ನೆರಳನ್ನು ಆಮೇಲೆ ಎತ್ತಬಹುದು, ಸುಟ್ಟ ಕೆಂಪನ್ನು ತರಲಾಗದು. ಮೊಬೈಲಿನಲ್ಲಿ ತೆಗೆಯುವವರಿಗೂ ಇದೇ ಮಾತು: ಗೋಡೆಯ ಹೊಳೆಯುವ ಭಾಗದ ಮೇಲೆ ಬೆರಳಿಟ್ಟು, ಬೆಳಕಿನ ಗುರುತನ್ನು ಕೆಳಗೆ ಎಳೆಯಿರಿ.

ಫೋಕಸ್ಸಿನ ನಿಜವಾದ ಕಷ್ಟ ಆ ಸಂದಿಯಲ್ಲೇ ಎದುರಾಯಿತು. ಒಂದು ಗೋಡೆ ಮೊಣಕೈ ದೂರದಲ್ಲಿ, ತಿರುವಿನ ಗೋಡೆ ಹತ್ತು ಹೆಜ್ಜೆ ಆಚೆ. ಎರಡೂ ಚೂಪಾಗಿರಬೇಕು. ನಮ್ಮಲ್ಲಿದ್ದದ್ದು ಫುಲ್‌ಫ್ರೇಮ್ ಕ್ಯಾಮೆರಾ, 16-35 ಮಿ.ಮೀ. ಲೆನ್ಸ್. ಅಗಲ ನೋಟ ಕೊಡುವ 16ರಲ್ಲಿ, ಎಫ್ 8 ಇಟ್ಟು, ಸುಮಾರು 1.1 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ ಅರ್ಧ ಮೀಟರಿನಿಂದ ಆಚೆ ಕೊನೆಯವರೆಗೆ ಎಲ್ಲ ಸ್ಪಷ್ಟ. ಅದೇ 35ಕ್ಕೆ ತಿರುಗಿಸಿದರೆ ಫೋಕಸ್ 5 ಮೀಟರಿಗೆ ಹೋಗಬೇಕು, ಎರಡೂವರೆ ಮೀಟರಿನ ಈಚೆ ಇರುವುದೆಲ್ಲ ಮಂಜು. ಅಪರ್ಚರ್ ಎಫ್ 22ಕ್ಕೆ ಒಯ್ದರಾಯಿತು ಎಂದು ಅವಳ ಲೆಕ್ಕ. ಅಷ್ಟು ಸಣ್ಣ ತೂತಿನಲ್ಲಿ ಬೆಳಕು ಬಾಗಿ ಚಿತ್ರವೆಲ್ಲ ಮೆತ್ತಗಾಗುತ್ತದೆ, ಮೇಲಾಗಿ ಕೈಯಲ್ಲಿ ಹಿಡಿದು ತೆಗೆಯಲು ಆಗುವುದಿಲ್ಲ. ಎಫ್ 11 ನನ್ನ ಮಿತಿ. ಲೆಕ್ಕ ನೆನಪಿಡಲು ಆಗದಿದ್ದರೆ ಸುಲಭದ ಸೂತ್ರ ಒಂದಿದೆ: ಚೌಕಟ್ಟಿನಲ್ಲಿ ಎಲ್ಲಕ್ಕಿಂತ ಹತ್ತಿರದ ಕಲ್ಲು ಎಷ್ಟು ದೂರವೋ ಅದರ ಎರಡರಷ್ಟು ದೂರಕ್ಕೆ ಫೋಕಸ್. ಹತ್ತಿರದ ಕಲ್ಲೂ ದೂರದ ಕಲ್ಲೂ ಆಗ ಸಮನಾಗಿ ಚೂಪಾಗುತ್ತವೆ.

35ರಲ್ಲೇ ಬೇಕೆಂದರೆ ಎರಡು ಚಿತ್ರ: ಮೊದಲು ಹತ್ತಿರಕ್ಕೆ, ಕೂಡಲೇ ದೂರಕ್ಕೆ, ಮನೆಯಲ್ಲಿ ಜೋಡಿಸುವುದು. ಕಲ್ಲು ಅಲುಗುವುದಿಲ್ಲ, ಬೆಳಕು ಅಲುಗುತ್ತದೆ; ಎರಡರ ನಡುವೆ ತಡವಾದರೆ ಜೋಡಣೆ ಗೋಡೆಯ ಮೇಲೆ ಕಲೆಯಾಗಿ ಕಾಣುತ್ತದೆ. ಅವಳು ಮೂರನೆಯ ಜೋಡಿಗೆ ಕೈ ಕುದುರಿಸಿಕೊಂಡಳು.

ಒಂಬತ್ತೂವರೆ ದಾಟುತ್ತಲೇ ಬಿಸಿಲು ಸಂದಿಯೊಳಗೇ ಬಂತು. ಕೆಂಡದ ಗೋಡೆ ಬರೀ ಬಂಡೆಯಾಯಿತು. ಮೇಲಿನ ಶಿವಾಲಯದವರೆಗೆ ಹತ್ತಿ, ಕೆರೆಯನ್ನೂ ಊರನ್ನೂ ನೋಡಿ ಇಳಿದೆವು. ಬನಶಂಕರಿಯಲ್ಲಿ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ತಂದು ಮಾರುವ ಜೋಳದ ರೊಟ್ಟಿ, ಗುರೆಳ್ಳು ಚಟ್ನಿ, ಗಡಿಗೆಯ ಕೆನೆಮೊಸರು ಊಟ.

ಮರಳುವ ರೈಲಿನಲ್ಲಿ ಅವಳು ಫೋನಿನಲ್ಲಿ ಬುಕಿಂಗ್ ಪುಟ ತೆರೆದಳು. ಆ್ಯಂಟಿಲೋಪ್‌ನಲ್ಲಿ ಅಪ್ಪರ್, ಲೋವರ್ ಎಂದು ಎರಡು ಬೇರೆ ಕಣಿವೆ; ಅವಳು ಮೊದಲು ಆರಿಸಿಕೊಂಡಿದ್ದು ಅಪ್ಪರ್‌ನ ನಡುಹಗಲಿನ ಸರದಿ. ತಳದಲ್ಲಿ ಅಗಲ, ತಲೆಯಲ್ಲಿ ಕಿರಿದು ಇರುವ ಆ ಕಣಿವೆಗೇ ಹೆಚ್ಚಾಗಿ ಬೆಳಕಿನ ಕೋಲು ಬೀಳುವುದು, ಜನ ಮುಗಿಬೀಳುವುದೂ ಅಲ್ಲಿಗೇ. ಲೋವರ್ ಕಣಿವೆಯ ಆಕಾರ ತಿರುಗುಮುರುಗು, ತಲೆಯಲ್ಲಿ ಅಗಲ, ತಳದಲ್ಲಿ ಇಕ್ಕಟ್ಟು. ಬೆಳಗಿನ ಓರೆ ಬಿಸಿಲು ಮೇಲಿನ ಗೋಡೆಗೆ ಬಡಿದು ಒಳಗೆ ಪುಟಿಯುತ್ತದೆ.

"ಮಾಮಾ, ಲೋವರ್‌ದು ಮುಂಜಾನಿ ಹೊತ್ತಿಂದು ತಗೋತೀನಿ. ಸೆಪ್ಟೆಂಬರ್ ಕಡೀಕ."

ಮಳೆಯ ಮಾತು ನೆನಪಿಸಿದೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿಯೂ ಮುಂಗಾರಿನಂಥ ಗುಡುಗುಮಳೆಯ ಕಾಲ. 1997ರ ಆಗಸ್ಟ್ 12ರಂದು ಲೋವರ್ ಆ್ಯಂಟಿಲೋಪ್‌ನಲ್ಲಿ 11 ಪ್ರವಾಸಿಗರು ಪ್ರವಾಹಕ್ಕೆ ಸಿಕ್ಕಿ ಸತ್ತರು. ಮಳೆ ಬಿದ್ದದ್ದು ಕಣಿವೆಯಿಂದ ದೂರದ ಮೇಲ್ಭಾಗದಲ್ಲಿ. ಗೈಡ್ ಹೊರಗೆ ಬನ್ನಿ ಅಂದರೆ ಕ್ಯಾಮೆರಾ ಮುಚ್ಚಿ ಬರಬೇಕು, ಸರದಿ ರದ್ದಾದರೆ ಇನ್ನೊಂದು ದಿನ ಹೋಗಬೇಕು. ಅದಕ್ಕೆಂದು ಪೇಜ್‌ನಲ್ಲಿ ಒಂದು ದಿನ ಹೆಚ್ಚಿಗೆ ಇಟ್ಟುಕೊ ಅಂದೆ. ಹೊಳೆಆಲೂರು ಬರುವಷ್ಟರಲ್ಲಿ ಅವಳು ಆ ಹೆಚ್ಚಿನ ದಿನವನ್ನೂ ಸೇರಿಸಿ, 16-35ನ್ನು ಒಯ್ಯುವುದಾಗಿಯೂ ಉಳಿದ ಲೆನ್ಸುಗಳನ್ನು ರೂಮಿನಲ್ಲೇ ಬಿಡುವುದಾಗಿಯೂ ಬರೆದುಕೊಂಡಿದ್ದಳು.